ಗಿಬ್ಸನ್ ಪ್ರಬಂಧಗಳೋ, ಲೆ ಗ್ವಿನ್ ಪ್ರಬಂಧಗಳೋ?

ವೈಜ್ಞಾನಿಕ ಕಾದಂಬರಿಕಾರರ ಪ್ರಬಂಧಗಳಲ್ಲಿ ಒಂದೇ ಸಂಕಲನ ಕೊಳ್ಳುವುದಾದರೆ ಯಾವುದು? ವಿಲಿಯಂ ಗಿಬ್ಸನ್ ಅವರ ‘ಡಿಸ್‌ಟ್ರಸ್ಟ್ ದಟ್ ಪರ್ಟಿಕ್ಯುಲರ್ ಫ್ಲೇವರ್’ (2012) ಹೊರಜಗತ್ತಿನತ್ತ ಕಣ್ಣು ನೆಟ್ಟಿದೆ. 1993ರ ಸಿಂಗಪುರ ಲೇಖನವನ್ನೇ ನೋಡಿ: ನಗರದ ಅತಿಯಾದ ಅಚ್ಚುಕಟ್ಟುತನವೇ ಅವರನ್ನು ಕಸಿವಿಸಿಗೊಳಿಸುತ್ತದೆ. ಬರಹಗಳ ಕೊನೆಗೆ ಹಿನ್ನೋಟದ ಟಿಪ್ಪಣಿ ಸೇರಿಸಿ ತಮ್ಮನ್ನೇ ತಿವಿದುಕೊಳ್ಳುತ್ತಾರೆ. ಕೆಲವೆಡೆ ನನಗೆ ಲೇಖನಕ್ಕಿಂತ ಟಿಪ್ಪಣಿಯೇ ರುಚಿಸಿತು. ಆದರೆ ಪತ್ರಿಕೆ, ಭಾಷಣಗಳಿಗೆಂದು ಬರೆದ ಬಿಡಿ ತುಣುಕುಗಳಾದ್ದರಿಂದ ಓದು ಏರುಪೇರಾಗುತ್ತದೆ. ಉರ್ಸುಲಾ ಲೆ ಗ್ವಿನ್ ಅವರ ‘ನೋ ಟೈಮ್ ಟು ಸ್ಪೇರ್’ (2017) ಮುಪ್ಪು, ಬೆಕ್ಕು, ಸಿಟ್ಟುಗಳ ಸುತ್ತ ಸುಳಿಯುತ್ತದೆ. ಎಂಬತ್ತು ದಾಟಿದ ಮೇಲಿನ ಬರಹ; ದನಿ ಮೆಲು, ಮಾತು ಹರಿತ. ತಂತ್ರಜ್ಞಾನದ ಕುತೂಹಲವಿದ್ದವರು ಗಿಬ್ಸನ್ ಅವರನ್ನೇ ಆರಿಸಿಕೊಳ್ಳಲಿ. ಮಲಗುವ ಮುನ್ನ ನಾಲ್ಕು ಪುಟ ಓದುವ ನನ್ನಂಥವರ ಕೈ ಮಾತ್ರ ಲೆ ಗ್ವಿನ್ ಕಡೆಗೇ ಚಾಚುತ್ತದೆ.