ಹಳೇ ಅಲ್ಟ್ರಾಲೈಟ್ ಕೊಳ್ಳುವ ಮುಂಚೆ ರೆಕ್ಕೆಯ ಬಟ್ಟೆ ಬಿಚ್ಚಿಸಿ ನೋಡಿ

"ವರ್ಷಗಳಿಂದ ಶೆಡ್‌ನಲ್ಲೇ ಇದೆ, ಬಿಸಿಲು ಮಳೆ ಕಂಡಿಲ್ಲ, ಸ್ವಲ್ಪ ಕೆಲಸ ಮಾಡಿಕೊಂಡರೆ ಹಾರುತ್ತೆ." ಹಳೆಯ ಅಲ್ಟ್ರಾಲೈಟ್, ಅಂದರೆ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ ಒಬ್ಬಿಬ್ಬರು ಹಾರುವ ತೀರ ಹಗುರ ವಿಮಾನ, ಮಾರುವವರು ಈ ಮಾತು ಹೇಳಿದರೆ ಮುಂಗಡ ಕೊಡಬೇಡಿ. ನನಗೂ ಇದನ್ನೇ ಹೇಳಿ ಮಾರಿದರು. ಚಿಕ್ಕಂದಿನಿಂದ ಹಾರುವ ಆಸೆ ಇಟ್ಟುಕೊಂಡು, ಹೊಸದು ಕೈಗೆಟುಕದೆ, ಹಳೆಯದೊಂದನ್ನು ತಂದು ಕೈಯಾರೆ ಸರಿಮಾಡೋಣ ಅಂತ ಹೊರಡುವವರು ತುಂಬ ಜನ ಇದ್ದಾರೆ. ಆ ಆಸೆ ನನಗೆ ಈಗಲೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾರುವವರು ತೋರಿಸಿದ್ದು ತೊಳೆದು ಬಿಗಿದ ರೆಕ್ಕೆ, ಹೊಸ ಬಣ್ಣದ ಕೊಳವೆಗಳು, ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುವ ಪ್ರೊಪೆಲ್ಲರ್. ಬಟ್ಟೆ ಬಿಚ್ಚೋಣ ಅಂದಾಗ "ಮತ್ತೆ ಹಾಕೋದು ಕಷ್ಟ, ಮನೆಗೆ ಒಯ್ದ ಮೇಲೆ ನೋಡಿಕೊಳ್ಳಿ" ಅಂದರು.

ಬಿಚ್ಚಿದ್ದು ಮನೆಯಲ್ಲೇ. ರೆಕ್ಕೆಯ ಮುಂದಿನ ಅಂಚಿನ ಕೊಳವೆಯನ್ನು ನಡುವಿನ ಚೌಕಟ್ಟಿಗೆ ಹಿಡಿಯುವ ಬೋಲ್ಟ್ ಬಿಚ್ಚಿ ಎಳೆದಾಗ ಬಿಳಿ ಪುಡಿ ಉದುರಿತು. ಅಲ್ಯೂಮಿನಿಯಂ ಒಳಗಿನಿಂದ ತಿಂದುಹೋಗುತ್ತಿರುವುದರ ಗುರುತು ಅದು. ಟಾರ್ಚ್ ಬಿಟ್ಟು ನೋಡಿದರೆ ದುಂಡಗಿರಬೇಕಾದ ತೂತು ಉದ್ದಕ್ಕೆ ಎಳೆದು ಮೊಟ್ಟೆಯಾಕಾರಕ್ಕೆ ಬಂದಿದೆ. ಬೋಲ್ಟ್‌ನ ತಲೆಯ ಮೇಲೆ ಯಾವ ಗುರುತೂ ಇಲ್ಲ. ವಿಮಾನಕ್ಕೆ ಬಳಸುವ ಎಎನ್ ದರ್ಜೆಯ ಉಕ್ಕಿನ ಬೋಲ್ಟ್‌ಗಳ ತಲೆಯ ಮೇಲೆ ಶಿಲುಬೆ ಅಥವಾ ನಕ್ಷತ್ರದಂಥ ಗುರುತು ಇರುತ್ತದೆ, ಕೊಳವೆಯೊಳಗೆ ಕೂರುವ ಭಾಗ ತಿರುಪಿನ ಸುತ್ತುಗಳಿಲ್ಲದೆ (ಥ್ರೆಡ್ ಇಲ್ಲದೆ) ನುಣ್ಣಗಿರುತ್ತದೆ. ಇದರಲ್ಲಿದ್ದದ್ದು ತುದಿಯಿಂದ ತಲೆಯವರೆಗೂ ಥ್ರೆಡ್ ಇರುವ ಸಾಮಾನ್ಯ ಬೋಲ್ಟ್. ಆ ಥ್ರೆಡ್‌ನ ಅಂಚುಗಳೇ ಅರದ ಹಾಗೆ ತೂತನ್ನು ಉಜ್ಜಿ ಅಗಲ ಮಾಡಿದ್ದವು. ರೆಕ್ಕೆ ನಿಂತಿದ್ದದ್ದು ಇದರ ಮೇಲೆ.

ಹಿಂದಿನ ಚೌಕಟ್ಟಿನಲ್ಲಿ ಬಣ್ಣ ಕೆರೆದಾಗ ವೆಲ್ಡಿಂಗ್ ಕಂಡಿತು. ಈ ತರಹದ ವಿಮಾನಗಳ ಕೊಳವೆ ಸಾಮಾನ್ಯವಾಗಿ 6061-ಟಿ6 ಎಂಬ ದರ್ಜೆಯ ಅಲ್ಯೂಮಿನಿಯಂ. ಅದರ ಗಟ್ಟಿತನ ಬರುವುದೇ ಶಾಖ ಸಂಸ್ಕಾರದಿಂದ. ವೆಲ್ಡ್ ಮಾಡಿದರೆ ಅದರ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಹೊರಗಿನಿಂದ ಬೆಸುಗೆ ಎಷ್ಟೇ ಅಂದವಾಗಿ ಕಂಡರೂ ಮುರಿಯುವುದು ಪಕ್ಕದಲ್ಲಿ. ಇಂಥ ಕೊಳವೆ ಮುರಿದರೆ ಬದಲಾಯಿಸಬೇಕು, ಇಲ್ಲವೇ ತಯಾರಕರ ನಕ್ಷೆ ಹೇಳಿದಂತೆ ಒಳಗೊಂದು ಕೊಳವೆಯ ತುಂಡು ತೂರಿಸಿ ಸೇರಿಸಬೇಕು. ಅದನ್ನು ವೆಲ್ಡ್ ಮಾಡಿ ಮೇಲೆ ಹೊಸ ಬಣ್ಣ ಬಳಿದಿದ್ದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಬಟ್ಟೆಯ ವಿಷಯ. ಡೇಕ್ರಾನ್ ಎಂಬ ಈ ಪಾಲಿಯೆಸ್ಟರ್ ಬಟ್ಟೆಯನ್ನು ಕೊಲ್ಲುವುದು ಬಿಸಿಲಿನ ನೇರಳಾತೀತ ಕಿರಣ. ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆಯ ದಾರ. ಸ್ಪ್ರಿಂಗ್ ತಕ್ಕಡಿಗೆ ಸೂಜಿ ಸಿಕ್ಕಿಸಿದಂತಿರುವ ಬೆಟ್ಸೋಮೀಟರ್ ಎಂಬ ಉಪಕರಣ ಇದೆ, ನಿಗದಿಯಾದ ಎಳೆತಕ್ಕೆ ಬಟ್ಟೆ, ಹೊಲಿಗೆ ಹರಿಯುತ್ತವೋ ಇಲ್ಲವೋ ಅಂತ ಅದರಲ್ಲಿ ಪರೀಕ್ಷಿಸುತ್ತಾರೆ. ಪರೀಕ್ಷೆ ರೆಕ್ಕೆಯ ಮೇಲ್ಭಾಗದಲ್ಲೇ ಆಗಬೇಕು, ನೆರಳಲ್ಲಿದ್ದ ಕೆಳಭಾಗದಲ್ಲಲ್ಲ. ನನ್ನದರ ಮೇಲಿನ ಹೊಲಿಗೆ ಉಗುರಿನಿಂದ ಮೀಟಿದ್ದಕ್ಕೇ ಬಿಟ್ಟುಕೊಂಡಿತು. ಬಿಸಿಲು ಕಂಡಿಲ್ಲ ಅಂದಿದ್ದರಲ್ಲ!

ಎಂಜಿನ್ ರೋಟ್ಯಾಕ್ಸ್ 503, ಗಾಳಿಯಿಂದ ತಂಪಾಗುವ ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ಸುಮಾರು 50 ಅಶ್ವಶಕ್ತಿ. "ಓಡಿದ್ದು ಕಡಿಮೆ ಗಂಟೆ" ಅನ್ನುವುದನ್ನು ಮಾರುವವರು ದೊಡ್ಡ ಗುಣವಾಗಿ ಹೇಳುತ್ತಾರೆ. ಈ ಎಂಜಿನ್‌ಗಳನ್ನು ಪೂರ್ತಿ ಬಿಚ್ಚಿ ಸರಿಮಾಡುವ ಓವರ್‌ಹಾಲ್ ಅವಧಿ 300 ಗಂಟೆ ಅಥವಾ 5 ವರ್ಷ, ಯಾವುದು ಮೊದಲೋ ಅದು. ವರ್ಷದ ಲೆಕ್ಕ ಯಾಕೆಂದರೆ ಟೂ-ಸ್ಟ್ರೋಕ್‌ನಲ್ಲಿ ಬೇರಿಂಗ್‌ಗೆ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆ ಬಂದಾಗ ಮಾತ್ರ. ಸುಮ್ಮನೆ ನಿಂತ ಎಂಜಿನ್‌ನಲ್ಲಿ ಆ ತೆಳುಪದರ ಇಳಿದುಹೋಗುತ್ತದೆ, ತೇವದ ಗಾಳಿ ಕ್ರ್ಯಾಂಕ್‌ಶಾಫ್ಟ್‌ನ ಬೇರಿಂಗ್‌ಗಳಿಗೆ ತುಕ್ಕು ಹಿಡಿಸುತ್ತದೆ. ಕೈಯಲ್ಲಿ ತಿರುಗಿಸಿದರೆ ಏನೂ ಗೊತ್ತಾಗುವುದಿಲ್ಲ, ಸ್ಟಾರ್ಟ್ ಮಾಡಿದರೂ ಸದ್ದು ಚೆನ್ನಾಗಿಯೇ ಬರಬಹುದು. ಎಂಜಿನ್ ಕಚ್ಚಿಕೊಂಡು ನಿಲ್ಲುವುದು ಮೇಲೇರಿದ ಮೇಲೆ. ನನ್ನದನ್ನು ಬಿಚ್ಚಿಸಿದಾಗ ಬೇರಿಂಗ್ ಮೇಲೆಲ್ಲ ತುಕ್ಕಿನ ಗುಳಿಗಳಿದ್ದವು. ಎಕ್ಸಾಸ್ಟ್ ಕೊಳವೆ ಕಳಚಿದರೆ ಅದರ ಕಿಂಡಿಯಿಂದಲೇ ಪಿಸ್ಟನ್, ರಿಂಗ್ ನೋಡಬಹುದು. ಅದಕ್ಕೂ ಒಪ್ಪದವರ ಜೊತೆ ವ್ಯವಹಾರ ಬೇಡ.

ರೆಕ್ಕೆಯನ್ನು ಬಿಗಿದು ಹಿಡಿಯುವ ಉಕ್ಕಿನ ಕೇಬಲ್‌ಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಒಳಗಿನ ತುಕ್ಕು ಕಾಣುವುದಿಲ್ಲ. ಹೊದಿಕೆ ಇಲ್ಲದಿದ್ದರೆ ಹತ್ತಿಬಟ್ಟೆ ಹಿಡಿದು ಉದ್ದಕ್ಕೂ ಎಳೆಯಿರಿ, ಮುರಿದ ಎಳೆ ಇದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಬೇಡಿ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಬೇರೆ. ಸೀಟಿನ ಹಿಂದೆ ಒಂದು ಡಬ್ಬ, ಅದರಿಂದ ಸೀಟಿನ ಪಕ್ಕಕ್ಕೆ ಬಂದ ಒಂದು ಕೆಂಪು ಹಿಡಿ. ಅದೇನೆಂದು ಯಾರೂ ಹೇಳಿರಲಿಲ್ಲ. ಅದು ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್, ಅದನ್ನು ಹೊರಗೆಳೆಯಲು ಒಳಗೊಂದು ಘನ ಇಂಧನದ ರಾಕೆಟ್. ಪ್ಯಾರಾಚೂಟ್ ಮರುಮಡಿಕೆಗೆ ಒಂದು ಅವಧಿ, ರಾಕೆಟ್‌ಗೆ ಇನ್ನೊಂದು, ಎರಡೂ ಎಂದೋ ಮುಗಿದಿದ್ದವು. ಅವಧಿ ಮುಗಿದ ಮಾತ್ರಕ್ಕೆ ರಾಕೆಟ್ ಸತ್ತಿದೆ ಅಂತಲ್ಲ. ಬಿಚ್ಚುವ ಭರದಲ್ಲಿ ಆ ಹಿಡಿ ಎಳೆದರೆ ಎದುರಿಗಿದ್ದವರ ಜೀವ ಹೋಗಬಹುದು. ಹಳೇ ವಿಮಾನಕ್ಕೆ ಸ್ಪ್ಯಾನರ್ ಹಾಕುವ ಮುಂಚೆ ಮೊದಲು ಇದನ್ನು ಹುಡುಕಿ. ಇದ್ದರೆ ಆ ಕೆಲಸ ಗೊತ್ತಿರುವವರಿಂದಲೇ ತೆಗೆಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಲಾಗ್‌ಬುಕ್ "ಕಳೆದುಹೋಗಿದೆ" ಅಂದರು. ಲಾಗ್‌ಬುಕ್ ಇಲ್ಲದಿದ್ದರೆ ಯಾರು ಏನು ಬದಲಾಯಿಸಿದರು ಅನ್ನುವುದು ತಿಳಿಯುವುದೇ ಇಲ್ಲ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಸತ್ತದ್ದು ಬೇರೊಬ್ಬರು ಕಟ್ಟಿದ್ದ ಲಾಂಗ್-ಇಝಡ್ ವಿಮಾನವನ್ನು ಕೊಂಡು ಹಾರಿಸುವಾಗ. ಕಟ್ಟಿದವರು ಇಂಧನದ ಟ್ಯಾಂಕ್ ಬದಲಿಸುವ ಹಿಡಿಯನ್ನು ಪೈಲಟ್‌ನ ಎಡಭುಜದ ಹಿಂದೆ, ಕೈಗೆ ಸುಲಭಕ್ಕೆ ಸಿಗದ ಕಡೆ ಇಟ್ಟಿದ್ದರು. ಅದೂ ಒಂದು ಕಾರಣ ಅಂತ ತನಿಖೆ ಹೇಳಿತು. ಅದು ಅಲ್ಟ್ರಾಲೈಟ್ ಅಲ್ಲ, ಆದರೆ ಇನ್ನೊಬ್ಬರ ಮಾರ್ಪಾಡು ಎಷ್ಟು ದೂರ ಬೆನ್ನು ಹತ್ತುತ್ತದೆ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾರಿದವರಿಗೆ ಫೋಟೋಗಳನ್ನು ಕಳಿಸಿದೆ. "ಇದ್ದದ್ದು ಇದ್ದ ಹಾಗೆ ಅಂತ ಹೇಳಿಯೇ ಕೊಟ್ಟಿದ್ದು" ಅಂದರು, ಆಮೇಲೆ ಫೋನ್ ಎತ್ತಲಿಲ್ಲ. ಬಣ್ಣ ಬಳಿದು ಮರುಮಾರಾಟಕ್ಕೆ ಇಡು ಅಂತ ಕೆಲವರು ಸಲಹೆ ಕೊಟ್ಟರು. ಅದು ನನ್ನ ಕೈಲಾಗದ ಕೆಲಸ. ಮುಖ್ಯ ಕೊಳವೆಗಳನ್ನು ಗರಗಸ ಹಾಕಿ ತುಂಡು ಮಾಡಿದ್ದೇನೆ. ಸೀಟು, ಚಕ್ರ, ಮೀಟರ್‌ಗಳು ಬೇಕಿದ್ದವರು ಕೇಳಿ, ಕೊಡುತ್ತೇನೆ. ಬೋಲ್ಟ್, ಕೇಬಲ್, ಬಟ್ಟೆ ಮಾತ್ರ ಯಾರಿಗೂ ಕೊಡುವುದಿಲ್ಲ.