ಪರ್ಲ್‌ನಲ್ಲಿ ಸಿಎಸ್‌ವಿ ಓದಲು: ಸ್ಪ್ಲಿಟ್ ಸಾಕಾ, ಮಾಡ್ಯೂಲ್ ಬೇಕಾ?

ಎಕ್ಸೆಲ್‌ನಿಂದ ಬಂದ ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಕಾಮಾ ಇರುವ ಪಠ್ಯ ಫೈಲ್) ಓದುವ ಕೆಲಸ ಪರ್ಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಎಲ್ಲರಿಗೂ ಬರುತ್ತದೆ. ಒಂದು ಸಂಘದ ಸದಸ್ಯರ ಪಟ್ಟಿ ಇಟ್ಟುಕೊಂಡು ಮೂರು ದಾರಿ ಪರೀಕ್ಷಿಸಿದೆ: ಕಾಮಾ ಸಿಕ್ಕಲ್ಲೆಲ್ಲ ಸಾಲನ್ನು ತುಂಡರಿಸುವ ಬರೀ ಸ್ಪ್ಲಿಟ್, ಪರ್ಲ್ ಜೊತೆಗೇ ಬರುವ ಟೆಕ್ಸ್ಟ್::ಪಾರ್ಸ್‌ವರ್ಡ್ಸ್, ಪರ್ಲ್ ಮಾಡ್ಯೂಲ್‌ಗಳ ಭಂಡಾರವಾದ ಸಿಪ್ಯಾನ್‌ನಿಂದ ಹಾಕಿಕೊಳ್ಳುವ ಟೆಕ್ಸ್ಟ್::ಸಿಎಸ್‌ವಿ.

ಸ್ಪ್ಲಿಟ್ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ನಮ್ಮ ವಿಳಾಸಗಳಲ್ಲಿ ಕಾಮಾ ಇದ್ದೇ ಇರುತ್ತದೆ, ಅಲ್ವಾ? "ನಂ. 12, 3ನೇ ಅಡ್ಡರಸ್ತೆ" ಎರಡು ತುಂಡಾಗಿ, ಫೋನ್ ನಂಬರ್ ಇರಬೇಕಾದ ಕಾಲಂನಲ್ಲಿ ಅಡ್ಡರಸ್ತೆ ಬಂದು ಕೂರುತ್ತದೆ. ಜೊತೆಗೆ, ಸಾಲಿನ ಕೊನೆಯ ಕಾಲಂಗಳು ಖಾಲಿಯಿದ್ದರೆ ಸ್ಪ್ಲಿಟ್ ಅವನ್ನು ಕೈಬಿಡುತ್ತದೆ. ಮೂರನೇ ಆರ್ಗ್ಯುಮೆಂಟ್ ಆಗಿ -1 ಕೊಟ್ಟರೆ ಉಳಿಯುತ್ತವೆ.

ಪಾರ್ಸ್‌ವರ್ಡ್ಸ್ ಮೇಲೆ ನನಗೆ ಆಸೆ ಇತ್ತು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕಾಮಾ ಇರುವ ಕಾಲಂಗೆ ಎಕ್ಸೆಲ್ ಹಾಕುವ ಕೋಟ್ ಒಳಗಿನ ಕಾಮಾ ಡೇಟಾದ್ದೇ ಎಂದು ಅದಕ್ಕೆ ಅರ್ಥವಾಗುತ್ತದೆ. ವಿಳಾಸಗಳೆಲ್ಲ ಸರಿಯಾಗಿ ಬಂದವು. ಕೆಟ್ಟಿದ್ದು ಮಂಗಳೂರಿನ ಹೆಸರುಗಳಲ್ಲಿ. ಡಿ'ಸೋಜಾ ಎಂಬಲ್ಲಿನ ಅಪಾಸ್ಟ್ರಫಿಯನ್ನೂ ಅದು ಕೋಟ್ ಎಂದೇ ತಿಳಿಯುತ್ತದೆ. ಜೋಡಿ ಕೋಟ್ ಸಿಗದಿದ್ದರೆ ಆ ಸಾಲಿಗೆ ಖಾಲಿ ಲಿಸ್ಟ್ ವಾಪಸ್ ಕೊಡುತ್ತದೆ. ಅದೇ ಸಾಲಿನಲ್ಲಿ ಆ ಸದಸ್ಯರನ್ನು ಶಿಫಾರಸು ಮಾಡಿದ ಡಿ'ಮೆಲ್ಲೊ ಹೆಸರೂ ಇದ್ದರೆ ಇನ್ನೂ ಕಷ್ಟ. ಎರಡು ಅಪಾಸ್ಟ್ರಫಿಗಳ ನಡುವಿನ ಕಾಲಂಗಳೆಲ್ಲ ಸೇರಿ ಒಂದಾಗುತ್ತವೆ, ಎರರ್ ಕೂಡ ಬರುವುದಿಲ್ಲ. ಸದಸ್ಯರೊಬ್ಬರು ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗುವುದನ್ನು ನಾನು ಒಪ್ಪುವುದಿಲ್ಲ. ಶೆಲ್ ಕಮಾಂಡ್‌ನಂಥ ಸಾಲುಗಳನ್ನು ಬಿಡಿಸಲು ಈ ಮಾಡ್ಯೂಲ್ ಚೆನ್ನಾಗಿದೆ, ಸಿಎಸ್‌ವಿಗೆ ಬೇಡ.

ಟೆಕ್ಸ್ಟ್::ಸಿಎಸ್‌ವಿ ಈ ಎಲ್ಲವನ್ನೂ ದಾಟಿತು. ನನಗೆ ಜಾಸ್ತಿ ಹಿಡಿಸಿದ್ದು ಅದರ ಗೆಟ್‌ಲೈನ್. ಎಕ್ಸೆಲ್‌ನಲ್ಲಿ ಆಲ್ಟ್-ಎಂಟರ್ ಒತ್ತಿ ಎರಡು ಸಾಲಿನಲ್ಲಿ ವಿಳಾಸ ಬರೆಯುವವರು ಬಹಳ. ಮೊದಲೆರಡು ದಾರಿಯಲ್ಲಿ ಫೈಲನ್ನು ಸಾಲು ಸಾಲಾಗಿ ಓದುವಾಗಲೇ ಅಂಥ ವಿಳಾಸ ಮುರಿದಿರುತ್ತದೆ. ಗೆಟ್‌ಲೈನ್ ತೆರೆದ ಫೈಲಿನಿಂದ (ಫೈಲ್‌ಹ್ಯಾಂಡಲ್) ತಾನೇ ಓದುವುದರಿಂದ ಕೋಟ್ ಮುಚ್ಚುವವರೆಗೆ ಕಾಯುತ್ತದೆ. ಬೈನರಿ ಆಯ್ಕೆಗೆ 1 ಕೊಟ್ಟಿರಬೇಕು, ಅಷ್ಟೇ. ಆಟೊ ಡಯಾಗ್ ಕೂಡ ಹಾಕಿ. ತಪ್ಪು ಎಲ್ಲಿದೆ ಎಂದು ಅದೇ ಹೇಳುತ್ತದೆ.

ಕನ್ನಡ ಇರುವ ಫೈಲ್‌ಗಳಿಗೆ ಅದರ ಹೆಡರ್ ಮೆಥಡ್ ದೊಡ್ಡ ಸಹಾಯ. ಎಕ್ಸೆಲ್ ಯುಟಿಎಫ್-8 ಎಂದು ಉಳಿಸುವಾಗ ಫೈಲಿನ ಆರಂಭದಲ್ಲಿ ಬಿಒಎಂ ಎಂಬ ಕಣ್ಣಿಗೆ ಕಾಣದ ಗುರುತು ಸೇರಿಸುತ್ತದೆ. ಅದನ್ನು ತೆಗೆಯದಿದ್ದರೆ ಮೊದಲ ಕಾಲಂನ ಹೆಸರು ಹ್ಯಾಶ್‌ನಲ್ಲಿ (ಹೆಸರಿನಿಂದ ಮೌಲ್ಯ ಹುಡುಕುವ ಪಟ್ಟಿ) ಸಿಗುವುದೇ ಇಲ್ಲ. ಹೆಡರ್ ಮೆಥಡ್ ಅದನ್ನು ಗುರುತಿಸಿ ತೆಗೆಯುತ್ತದೆ. ಕಾಲಂ ಹೆಸರುಗಳ ಇಂಗ್ಲಿಷ್ ಅಕ್ಷರಗಳನ್ನು ಸಣ್ಣದಾಗಿಸುತ್ತದೆ ಎಂಬುದು ನೆನಪಿರಲಿ.

ಇನ್‌ಸ್ಟಾಲ್ ಮಾಡುವ ತಲೆನೋವು ದೊಡ್ಡದೇನಲ್ಲ. ಸಿ ಭಾಷೆಯಲ್ಲಿ ಬರೆದ ಎಕ್ಸ್‌ಎಸ್ ಆವೃತ್ತಿ ಇದ್ದರೆ ಅದನ್ನು ಬಳಸುತ್ತದೆ, ಇಲ್ಲದಿದ್ದರೆ ಪೂರ್ತಿ ಪರ್ಲ್‌ನಲ್ಲೇ ಬರೆದ ಪಿಪಿ ಆವೃತ್ತಿಯಿಂದ ನಡೆಸುತ್ತದೆ. ಕಂಪೈಲರ್ ಇಲ್ಲದ ಸರ್ವರ್‌ನಲ್ಲೂ ಕೆಲಸ ಆಗುತ್ತದೆ, ವೇಗ ಕಡಿಮೆ.

ಹಾಗಾದರೆ ಸ್ಪ್ಲಿಟ್ ಯಾವಾಗ? ಫೈಲನ್ನು ಯಂತ್ರ ಬರೆದಿದ್ದು, ಕಾಲಂಗಳನ್ನು ಬೇರ್ಪಡಿಸುವ ಟ್ಯಾಬ್ ಅಥವಾ ಕೋಲನ್ ಡೇಟಾದ ಒಳಗೆ ಬರುವುದೇ ಇಲ್ಲ ಎಂದು ಖಚಿತವಾಗಿದ್ದಾಗ. ಲಿನಕ್ಸ್‌ನ ಪಾಸ್‌ವರ್ಡ್ ಫೈಲ್ ಅಂಥದ್ದು. ಮನುಷ್ಯರು ಟೈಪ್ ಮಾಡಿದ ಪಟ್ಟಿಯಾದರೆ ನಾನು ನೇರವಾಗಿ ಟೆಕ್ಸ್ಟ್::ಸಿಎಸ್‌ವಿ ಹಾಕುತ್ತೇನೆ.