ಮಂಗಳೂರಿನ ಮಳೆಗಾಲಕ್ಕೆ ಪಾಲಿಪ್ರೊಪಿಲೀನ್ ಬಾಕ್ಸ್ ಫೈಲು: ವರ್ಷಗಟ್ಟಲೆ ಬಳಸಿದ ಮೇಲೆ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಒಳಗಿನ ಕ್ಲಿಪ್ಪಿಗೆ. ಅದರ ಕಥೆ ಆಮೇಲೆ.

ನಮ್ಮದು ಕೊಡಿಯಾಲ್‌ಬೈಲಿನ ಸಣ್ಣ ಟ್ಯಾಕ್ಸ್ ಆಫೀಸು. ಫೈಲುಗಳ ಉಸ್ತುವಾರಿ ನನ್ನದು. ಎಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಆದರೆ ಪಾರ್ಟಿಗಳು ತಂದುಕೊಡುವುದು ಈಗಲೂ ಕಾಗದದ ಬಿಲ್ಲು. ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2021ರ ಏಪ್ರಿಲಿನ ಬಿಲ್ಲು ಅಂದುಕೊಳ್ಳಿ. ಅದರ ರಿಟರ್ನಿಗೆ ಕೊನೆ ದಿನ 2022ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳು ಅಂದರೆ 2028ರ ಕೊನೆ. ಒಟ್ಟು ಎಂಟು ಮಳೆಗಾಲ! ಘಟ್ಟದ ಮೇಲೆ ಇದು ದೊಡ್ಡ ವಿಷಯ ಅಲ್ಲ. ಇಲ್ಲಿ ಹೌದು ಮಾರಾಯ್ರೆ.

ಮೊದಲು ನಮ್ಮಲ್ಲಿ ಇದ್ದದ್ದು ರಟ್ಟಿನ ಬಾಕ್ಸ್ ಫೈಲು. ರಟ್ಟು ತೇವ ಹೀರುತ್ತದೆ. ಅದಕ್ಕೆ ಹಚ್ಚಿದ ಗೋಂದು ಬೂಷ್ಟಿಗೂ ಹುಳಕ್ಕೂ ಒಳ್ಳೆ ಊಟ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ನಿಂತರೆ ಬೂಷ್ಟು ಬೆಳೆಯಲು ಅಷ್ಟು ಸಾಕು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಆಟಿಯಲ್ಲಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ, ಫೈಲಿನ ಬೆನ್ನು ಉಬ್ಬಿ, ಕಪಾಟಿನಿಂದ ಎಳೆದರೆ ರಟ್ಟು ಪದರ ಪದರವಾಗಿ ಕೈಗೆ ಬರುತ್ತಿತ್ತು.

2021ರಲ್ಲಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಫೈಲು ತಂದೆವು. ಉಬ್ಬಿಲ್ಲ, ಹರಿದಿಲ್ಲ. ಮೇಲೆ ಬೂಷ್ಟು ಕೂತರೂ ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅಂಗಡಿಯಲ್ಲಿ ಎಲ್ಲದಕ್ಕೂ 'ಪ್ಲಾಸ್ಟಿಕ್ ಫೈಲು' ಅಂತಲೇ ಹೇಳುತ್ತಾರೆ, ನಂಬಬೇಡಿ. ಕೆಲವು ಫೈಲುಗಳಲ್ಲಿ ಸಣ್ಣ ತ್ರಿಕೋನದೊಳಗೆ ನಂಬರ್ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, 3 ಇದ್ದರೆ ಪಿವಿಸಿ. ಪಿವಿಸಿ ಮೆತ್ತಗಾಗಲು ಹಾಕುವ ರಾಸಾಯನಿಕ ಲೇಸರ್ ಪ್ರಿಂಟಿನ ಟೋನರನ್ನು ಕರಗಿಸುತ್ತದೆ. ಬ್ಯಾಲೆನ್ಸ್ ಶೀಟ್ ಹೊರಗೆ ಎಳೆದರೆ ಅಕ್ಷರ ಕವರಿಗೇ ಅಂಟಿಕೊಂಡಿರುತ್ತದೆ. ಪೆಟ್ರೋಲ್ ಬಂಕ್, ಹೋಟೆಲಿನ ನುಣುಪು ಬಿಲ್ಲುಗಳಿಗಂತೂ ಪಿವಿಸಿ ಕವರ್ ಬೇಡವೇ ಬೇಡ. ಅವು ಸೆಕೆಗೇ ಮಾಸುತ್ತವೆ, ಪಿವಿಸಿಯೊಳಗೆ ಇನ್ನೂ ಬೇಗ. ಬಂದ ದಿನವೇ ಜೆರಾಕ್ಸ್ ಮಾಡಿಸಿ ಒಟ್ಟಿಗೆ ಇಡುವುದು ಒಳ್ಳೆಯದು.

ಈಗ ಕ್ಲಿಪ್ಪು. ಫೈಲು ಪ್ಲಾಸ್ಟಿಕ್ ಆದರೂ ಒಳಗಿನ ಲಿವರ್ ಕಬ್ಬಿಣವೇ. ಮೇಲಿನ ಹೊಳಪು ಲೇಪನ ಮೊದಲು ಹೋಗುವುದು ರಿವೆಟ್ಟಿನ ಬುಡದಲ್ಲಿ. ಕಡಲ ಗಾಳಿ ಬೇರೆ. ಆಮೇಲೆ ತುಕ್ಕು ಕಂಬಿಗೆ ಹತ್ತುತ್ತದೆ, ಕಾಗದದ ತೂತಿನ ಸುತ್ತ ಕಂದು ಉಂಗುರ ಮೂಡುತ್ತದೆ. ಅದೇ ಜಾಗದಲ್ಲಿ ಕಾಗದ ಹರಿಯುತ್ತದೆ. ಹಾಗಾಗಿ ಹಳೇ ವರ್ಷದ ಕಾಗದಗಳನ್ನು ಕ್ಲಿಪ್ಪಿನಿಂದ ತೆಗೆದು, ತುದಿಗೂ ಪ್ಲಾಸ್ಟಿಕ್ ಇರುವ ನೂಲಿನ ಟ್ಯಾಗ್ ಹಾಕಿ ಇಡುತ್ತೇನೆ. ಜೆಮ್ ಕ್ಲಿಪ್ಪಿಗೂ ಇದೇ ಗತಿ. ರಬ್ಬರ್ ಬ್ಯಾಂಡ್ ಅಂತೂ ಕರಗಿ ಅಂಟುತ್ತದೆ.

ಇನ್ನೊಂದು ಕಿರಿಕಿರಿ ಲೇಬಲ್. ಪಾಲಿಪ್ರೊಪಿಲೀನಿಗೆ ಸ್ಟಿಕ್ಕರ್ ಸರಿಯಾಗಿ ಹಿಡಿಯುವುದಿಲ್ಲ. ಬೆನ್ನಿನಲ್ಲಿ ಚೀಟಿ ತೂರಿಸುವ ಜೇಬು ಇರುವುದನ್ನೇ ತನ್ನಿ.

ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬಾಕ್ಸ್ ಫೈಲಿನಲ್ಲಿ ಅದು ಸುಮ್ನೆ ದಂಡ. ಬೆನ್ನಿನಲ್ಲೇ ಬೆರಳು ಹಾಕುವ ತೂತು ಇರುತ್ತದೆ, ಪೊಟ್ಟಣ ಇಡೀ ಊರಿನ ತೇವ ಹೀರಬೇಕಾ? ಗಟ್ಟಿ ಮುಚ್ಚಳದ ಡಬ್ಬಿಗಾದರೆ ಸರಿ, ಅದನ್ನೂ ಆಗಾಗ ಒಣಗಿಸಬೇಕು. ಅದಕ್ಕಿಂತ ಕಪಾಟನ್ನು ಪಡುವಣ ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದ್ದು ಜಾಸ್ತಿ ಉಪಕಾರ ಮಾಡಿತು. ಮಳೆ ಬಡಿಯುವುದು ಆ ಗೋಡೆಗೇ ಅಲ್ವಾ.

ಬೆಲೆ ರಟ್ಟಿನದ್ದಕ್ಕಿಂತ ಜಾಸ್ತಿ. ಒಂದೇ ವರ್ಷ ಇಟ್ಟು ಎಸೆಯುವ ಕಾಗದಕ್ಕೆ ಇಷ್ಟು ಖರ್ಚು ಬೇಡ. ಅಂಥ ಕಾಗದಕ್ಕೆ ನಾನು ಈಗಲೂ ರಟ್ಟಿನ ಫೈಲೇ ತರುವುದು.